ಮೋಟಾರು ಕಾರಿನ ವರ್ಣರಕ್ಷಣೆ: ಸ್ವಹಸ್ತದ ಲೇಪನಗಳು

ಮೋಟಾರು ಕಾರಿನ ಹೊರಮೈಗೆ ಕಾರ್ಖಾನೆಯಲ್ಲಿ ಹಾಕಿದ ಬಣ್ಣವು ಬಿಸಿಲು, ಮಳೆ, ಧೂಳು, ಹಕ್ಕಿಯ ಹಿಕ್ಕೆ ಮೊದಲಾದವುಗಳ ಉಪದ್ರವದಿಂದ ಕಾಂತಿಗುಂದದಿರಲೆಂದು ಅದರ ಮೇಲೆ ಹಚ್ಚುವ ತೆಳ್ಳನೆಯ ಪಾರದರ್ಶಕ ಲೇಪಗಳಲ್ಲಿ, ಕುಶಲಕರ್ಮಿಯ ನೆರವಿಲ್ಲದೆ ಗಾಡಿಯ ಒಡೆಯನೇ ತನ್ನ ಮನೆಯಂಗಳದಲ್ಲಿ ಹಚ್ಚಿಕೊಳ್ಳಬಹುದಾದವುಗಳ ವಿವೇಚನೆಯೇ ಈ ಲೇಖನದ ವಿಷಯ. ಇವುಗಳನ್ನು ಮೇಣಗಳು, ಸೀಲಂಟುಗಳೆಂದು ಹೆಸರಾದ ಕೃತಕ ಪಾಲಿಮರ್ ಲೇಪಗಳು, ಸಿಲಿಕಾಮೂಲದ ಸೆರಾಮಿಕ್ ಕೋಟಿಂಗುಗಳು ಎಂದು ಸ್ಥೂಲವಾಗಿ ಮೂರು ಕುಲಗಳಾಗಿ ವಿಂಗಡಿಸುವುದು ರೂಢಿ. ದ್ರವ್ಯದಲ್ಲಿ ಎಷ್ಟೇ ಭಿನ್ನವಾಗಿದ್ದರೂ ಇವುಗಳ ಧರ್ಮ ಒಂದೇ: ಹೊಸ ಪಠ್ಯಪುಸ್ತಕಕ್ಕೆ ಹೊದಿಸಿದ ಖಾಕಿ ಕಾಗದದಂತೆ ತಾನು ಸವೆದು ಒಳಗಿನದನ್ನು ಉಳಿಸುವುದು. ಈ ವಸ್ತುಗಳ ವಿಷಯದಲ್ಲಿ ಅಂಗಡಿಯ ಮಾತಿಗೂ ವಸ್ತುಸ್ಥಿತಿಗೂ ನಡುವಣ ಅಂತರವು ಇತರ ಸರಕುಗಳಿಗಿಂತ ಸ್ವಲ್ಪ ಹೆಚ್ಚೇ ಇರುವುದರಿಂದ, ಲೇಪದ ವಿಚಾರಕ್ಕೆ ಕೈಹಾಕುವ ಮುನ್ನ ಅದು ಕುಳಿತುಕೊಳ್ಳುವ ಬಣ್ಣದ ರಚನೆಯನ್ನು ತಿಳಿದಿರುವುದು ಒಳಿತು.

ಬಣ್ಣದ ರಚನೆ

ಇಂದಿನ ಕಾರಿನ ಬಣ್ಣವೆಂಬುದು ಒಂದು ಪದಾರ್ಥವಲ್ಲ, ಒಂದರ ಮೇಲೊಂದು ಕೂತ ನಾಲ್ಕೈದು ಸ್ತರಗಳ ಸಮೂಹ. ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟ್ ಲವಣದ ಸಂಸ್ಕಾರ. ಬಳಿಕ ಇಡೀ ಕವಚವನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತನ್ನು ಹರಿಸಿದಾಗ ಸಂದುಗೊಂದುಗಳಿಗೂ ನುಗ್ಗಿ ಅಂಟಿಕೊಂಡು ತುಕ್ಕನ್ನು ತಡೆಯುವ, ಸುಮಾರು 20 ಮೈಕ್ರಾನ್ ದಪ್ಪದ ಸ್ತರ. ಅದರ ಮೇಲೆ ತಗಡಿನ ಒರಟುತನವನ್ನು ಮುಚ್ಚುವ ಪ್ರೈಮರ್. ಅದರ ಮೇಲೆ ಕಣ್ಣಿಗೆ ಕಾಣುವ ವರ್ಣವನ್ನು ಹೊತ್ತಿದ್ದರೂ ಸ್ವತಃ ಹೊಳಪಿಲ್ಲದ ತೆಳುಸ್ತರ. ಎಲ್ಲಕ್ಕೂ ಮೇಲೆ ಗಾಜಿನಂತೆ ನಿರ್ವರ್ಣವಾದ, ಸುಮಾರು 40ರಿಂದ 50 ಮೈಕ್ರಾನ್ ದಪ್ಪದ ಕ್ಲಿಯರ್ ಕೋಟ್. ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಎಂದರೆ ಮನುಷ್ಯನ ಎರಡು ತಲೆಗೂದಲುಗಳನ್ನು ಜೋಡಿಸಿಟ್ಟಷ್ಟು ದಪ್ಪ. ನಾವು ಮೆಚ್ಚುವ ಮಿರುಗೂ, ನೇರಳಾತೀತ ಕಿರಣಗಳನ್ನು ಹೀರಿ ಒಳಗಿನ ವರ್ಣವನ್ನು ಕಾಯುವ ದ್ರವ್ಯವೂ ಇರುವುದು ಆ ಮೇಲಿನ ಸ್ತರದಲ್ಲೇ. ಬಿಸಿಲಿನಲ್ಲಿ ಓರೆಯಾಗಿ ನೋಡಿದಾಗ ಜೇಡರ ಬಲೆಯಂತೆ ಕಾಣುವ ಗೀರುಗಳಿರುವುದೂ ಅಲ್ಲೇ. ಪಾಲಿಶ್ ಮಾಡುವುದೆಂದರೆ ಗೀರಿನ ತಳದವರೆಗೆ ಈ ಸ್ತರವನ್ನು ಸವೆಸುವುದೇ ಹೊರತು ಗೀರನ್ನು ತುಂಬುವುದಲ್ಲ. ಆದುದರಿಂದ ಒಂದು ಗಾಡಿಯ ಆಯುಷ್ಯದಲ್ಲಿ ಎಷ್ಟು ಸಲ ಪಾಲಿಶ್ ಮಾಡಿಸಬಹುದೆಂಬುದಕ್ಕೆ ಮಿತಿಯುಂಟು. ಮಾರಾಟಕ್ಕೆ ಮುನ್ನ ಹೊಳಪೇರಿಸಲೆಂದು ಪದೇ ಪದೇ ಬಫಿಂಗ್ ಮಾಡಿಸಿಕೊಂಡ ಹಳೆಯ ಗಾಡಿಗಳ ಬಾನೆಟ್ಟಿನಲ್ಲೂ ಛಾವಣಿಯಲ್ಲೂ ಕ್ಲಿಯರ್ ಕೋಟ್ ಹಾವಿನ ಪೊರೆಯಂತೆ ಸುಲಿದು ನಿಂತಿರುವುದನ್ನು ಯಾವ ಊರಿನ ಬೀದಿಯಲ್ಲಾದರೂ ಕಾಣಬಹುದು.

ಪೂರ್ವೇತಿಹಾಸ

ಮೋಟಾರು ಗಾಡಿಯ ಮೊದಲ ದಶಕಗಳಲ್ಲಿ ಕುದುರೆಸಾರೋಟಿಗೆ ಹಚ್ಚುತ್ತಿದ್ದ ಎಣ್ಣೆಯ ವಾರ್ನಿಷನ್ನೇ ಕುಂಚದಿಂದ ಹಚ್ಚುತ್ತಿದ್ದರು; ಪದರಕ್ಕೆ ಪದರ ಒಣಗಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಫೋರ್ಡ್ ಕಂಪನಿಯ ಮಾಡೆಲ್ ಟಿ ಗಾಡಿಯು 1914ರಿಂದ 1925ರವರೆಗೆ ಕಪ್ಪುಬಣ್ಣವೊಂದರಲ್ಲೇ ದೊರೆಯುತ್ತಿದ್ದುದು ಪ್ರಸಿದ್ಧವಾದ ಸಂಗತಿ. 1923ರಲ್ಲಿ ಡುಪಾಂಟ್ ಕಂಪನಿಯ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಜನರಲ್ ಮೋಟಾರ್ಸ್‌ನ ಓಕ್ಲೆಂಡ್ ಗಾಡಿಗಳ ಮೇಲೇರಿದಾಗ ವಾರಗಳ ಕೆಲಸ ಗಂಟೆಗಳಿಗೆ ಇಳಿದು, ಬಗೆಬಗೆಯ ವರ್ಣಗಳೂ ಸಾಧ್ಯವಾದವು. ಲ್ಯಾಕರ್ ಎಂಬ ಈ ಪದವು ಹಲವು ಭಾಷೆಗಳನ್ನು ದಾಟಿಹೋಗಿದ್ದರೂ ಮೂಲದಲ್ಲಿ ಸಂಸ್ಕೃತದ ಲಾಕ್ಷಾ, ಎಂದರೆ ನಮ್ಮ ಅರಗೇ. ಚನ್ನಪಟ್ಟಣದ ಬೊಂಬೆಯ ಕುಶಲಿಗಳು ತಿರುಗುವ ಮರದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಕಾವಿಗೆ ಕರಗಿ ಹರಡಿದ ಆ ಲೇಪವನ್ನು ಒಣಗಿದ ಗರಿಯಿಂದ ಉಜ್ಜಿ ಮಿರುಗಿಸುವುದನ್ನು ಕಂಡವರಿಗೆ, ಮೇಲ್ಮೈಯನ್ನು ಕಾಯುವುದೂ ಅಂದಗೊಳಿಸುವುದೂ ಒಂದೇ ಕೈಚಳಕದ ಎರಡು ಮುಖಗಳೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ನೈಟ್ರೋಸೆಲ್ಯುಲೋಸ್ ಬಣ್ಣಕ್ಕಿದ್ದ ದೋಷವೆಂದರೆ ಬಿಸಿಲಿಗೆ ಬೇಗನೆ ಮಂಕಾಗುತ್ತಿದ್ದುದು. ಈ ದೋಷವೇ ಒಂದು ಉದ್ಯಮಕ್ಕೆ ಅನ್ನವಿಕ್ಕಿತು. ಅಮೆರಿಕದಲ್ಲಿ ಸಿಮೋನೈಜ್ ಎಂಬ ಮೇಣದ ಹೆಸರು ಕಾರಿಗೆ ಮೇಣ ಹಚ್ಚುವ ಕ್ರಿಯೆಗೇ ಪರ್ಯಾಯಪದವಾಗುವಷ್ಟು ಬಳಕೆಗೆ ಬಂದಿತು. 1901ರಲ್ಲಿ ಪೀಠೋಪಕರಣದ ಪಾಲಿಶ್ ಮಾಡುತ್ತ ಆರಂಭವಾದ ಮೆಗೈರ್ಸ್ ಸಂಸ್ಥೆ ಕಾರಿನ ಕಡೆಗೆ ತಿರುಗಿತು. ಷಿಕಾಗೋದಲ್ಲಿ ಬೆನ್ ಹರ್ಷ್ 1940ರ ದಶಕದಲ್ಲಿ ಆರಂಭಿಸಿದ ವ್ಯಾಪಾರವು ಮುಂದೆ ಟರ್ಟಲ್ ವ್ಯಾಕ್ಸ್ ಎಂದು ಲೋಕಪ್ರಸಿದ್ಧವಾಯಿತು. ನಮ್ಮಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಕ್ಲಿಯರ್ ಕೋಟ್ ಎಂಬ ಪ್ರತ್ಯೇಕ ಸ್ತರವಿರಲಿಲ್ಲ. ಭಾನುವಾರ ಬೆಳಗ್ಗೆ ಡಬ್ಬಿಯ ಮೇಣವನ್ನು ಬನಿಯನ್ ಬಟ್ಟೆಗೆ ಹಚ್ಚಿ ಉಜ್ಜಿದರೆ ಬಟ್ಟೆಗೆ ಗಾಡಿಯ ಬಣ್ಣವೇ ಹತ್ತುತ್ತಿತ್ತು. ಬಟ್ಟೆ ನೀಲಿಯಾದಷ್ಟೂ ಗಾಡಿ ಚೊಕ್ಕಟವಾಯಿತೆಂದು ಒಡೆಯ ಹಿಗ್ಗುತ್ತಿದ್ದನು. ವಾಸ್ತವದಲ್ಲಿ ಅವನ ಬಣ್ಣ ಅಷ್ಟಷ್ಟೇ ಕರಗುತ್ತಿತ್ತು. 1980ರ ದಶಕದಿಂದೀಚೆಗೆ ಕ್ಲಿಯರ್ ಕೋಟ್ ಸಾಮಾನ್ಯ ಗಾಡಿಗಳಿಗೂ ಹಬ್ಬಿದ ಮೇಲೆ ಈ ದೃಶ್ಯ ಮರೆಯಾಯಿತು, ಬಣ್ಣ ಸವೆಯುವುದು ಮಾತ್ರ ನಿಲ್ಲಲಿಲ್ಲ.

ಬಣ್ಣದ ವೈರಿಗಳು

ಬಿಸಿಲಿನದು ನಿಧಾನವಾದ ಕೆಲಸ. ಹಕ್ಕಿಯ ಹಿಕ್ಕೆಯದು ತ್ವರಿತವಾದದ್ದು. ಅದರಲ್ಲಿರುವ ಯೂರಿಕ್ ಆಮ್ಲವು ಕಾದ ಬಾನೆಟ್ಟಿನ ಮೇಲೆ ಒಣಗುತ್ತ ಬಣ್ಣವನ್ನು ಕಚ್ಚಿಹಿಡಿದು, ಗಂಟೆಗಳೊಳಗೆ ಒರಸಿ ತೆಗೆಯದಿದ್ದರೆ ಕ್ಲಿಯರ್ ಕೋಟಿನಲ್ಲಿ ಮಾಸದ ಗುರುತನ್ನು ಬಿಡುತ್ತದೆ. ಮರದ ನೆರಳನ್ನು ನಂಬಿ ಗಾಡಿ ನಿಲ್ಲಿಸುವವರಿಗೆ ಮರವೇ ಕಾಟ ಕೊಡುವುದೂ ಉಂಟು: ಮಾವಿನ ಹೂವಿನ ಕಾಲದಲ್ಲಿ ಜಿಗಿಹುಳುಗಳು ಸುರಿಸುವ ಅಂಟು, ನೇರಳೆಯ ಹಣ್ಣಿನ ಕಲೆ. ಬೆಂಗಳೂರಿನ ಬಡಾವಣೆಗಳ ಕೊಳವೆಬಾವಿಯ ನೀರು ಗಡುಸಾದುದರಿಂದ ತೊಳೆದು ಒರಸದೆ ಬಿಟ್ಟ ಗಾಡಿಯ ಮೇಲೆ ಕ್ಯಾಲ್ಸಿಯಂ ಲವಣದ ಬಿಳಿಯ ಉಂಗುರಗಳು ಮೂಡುತ್ತವೆ. ಕರಾವಳಿಯಲ್ಲಿ ಉಪ್ಪುಗಾಳಿ, ಬಳ್ಳಾರಿ ಹೊಸಪೇಟೆಗಳ ಕಡೆ ಅದಿರಿನ ಕೆಂಧೂಳು. ಇಷ್ಟಿದ್ದರೂ, ಬಣ್ಣಕ್ಕೆ ಅತ್ಯಂತ ಹೆಚ್ಚಿನ ಹಾನಿ ಮಾಡುವುದು ಪ್ರಕೃತಿಯಲ್ಲ, ಗಾಡಿಯನ್ನು ಚೊಕ್ಕಟವಾಗಿಡಬೇಕೆಂಬ ನಮ್ಮ ಆಸೆಯೇ ಎಂದರೆ ಅತಿಶಯೋಕ್ತಿಯಾಗದು. ಒಂದೇ ಬಕೆಟಿನ ನೀರಿನಲ್ಲಿ, ಒಂದೇ ಬಟ್ಟೆಯಿಂದ, ಬೆಳಗಾಗುವುದರೊಳಗೆ ಹತ್ತು ಕಾರುಗಳನ್ನು ಒರಸಿ ಮುಗಿಸಬೇಕಾದ ಕೆಲಸದವನ ಅವಸರದಲ್ಲಿ ಧೂಳಿನ ಕಣಗಳು ಉಪ್ಪುಕಾಗದದ ಕೆಲಸ ಮಾಡುತ್ತವೆ. ದೋಷ ಒರಸುವವನದಲ್ಲ, ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ನಿತ್ಯವೂ ಥಳಥಳಿಸಬೇಕೆಂದು ಬಯಸುವವರದು.

ಮೇಣಗಳು

ಕಾರಿನ ಮೇಣಗಳಲ್ಲಿ ಶ್ರೇಷ್ಠವೆನಿಸಿದ ಕಾರ್ನೌಬಾ ಮೇಣವು ಬ್ರೆಜಿಲಿನ ಈಶಾನ್ಯದ ಒಣನಾಡುಗಳಾದ ಪಿಯಾವಿ, ಸಿಯಾರಾ ಮುಂತಾದ ಪ್ರಾಂತ್ಯಗಳಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಗಳಿಂದ ಬರುತ್ತದೆ. ಬರಗಾಲದಲ್ಲಿ ನೀರಾರದಂತೆ ಎಲೆಯು ತನ್ನ ಮೈಮೇಲೆ ತಾನೇ ಸ್ರವಿಸಿಕೊಂಡ ಈ ಮೇಣವನ್ನು, ಕೊಯ್ದ ಎಲೆಗಳನ್ನು ಬಿಸಿಲಿಗೆ ಒಣಗಿಸಿ, ಬಡಿದು, ಉದುರಿದ ಪುಡಿಯನ್ನು ಕರಗಿಸಿ ಸೋಸಿ ಪಡೆಯುತ್ತಾರೆ. ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಇದು ನಿಸರ್ಗದ ಮೇಣಗಳಲ್ಲಿ ಅತಿ ಕಠಿಣವಾದುದು. ಅಪ್ಪಟ ರೂಪದಲ್ಲಿ ಕಲ್ಲಿನಂತಿರುವ ಇದನ್ನು ಕೈಯಿಂದ ಹಚ್ಚುವುದು ಅಶಕ್ಯವಾದುದರಿಂದ, ಜೇನುಮೇಣ, ಪ್ಯಾರಫಿನ್, ಎಣ್ಣೆ, ದ್ರಾವಕಗಳನ್ನು ಬೆರೆಸಿ ಹದಗೊಳಿಸಿಯೇ ಡಬ್ಬಿಗೆ ತುಂಬುತ್ತಾರೆ. ಡಬ್ಬಿಯ ಮೇಲೆ ‘ಶುದ್ಧ ಕಾರ್ನೌಬಾ’ ಎಂದಿದ್ದರೆ ಅದನ್ನು ಈ ಅರ್ಥದಲ್ಲೇ ಗ್ರಹಿಸತಕ್ಕದ್ದು. ಗಾಢವರ್ಣದ ಗಾಡಿಗಳಿಗೆ ಇದು ಕೊಡುವ ಸ್ನಿಗ್ಧವಾದ ಹೊಳಪನ್ನು ಬೇರೆ ಯಾವ ಲೇಪವೂ ಕೊಡದೆಂಬುದು ರಸಿಕರ ಮತ. ಆದರೆ ಮೇಣವು ಬಣ್ಣದೊಂದಿಗೆ ರಾಸಾಯನಿಕವಾಗಿ ಬೆಸೆಯುವುದಿಲ್ಲ, ಮೇಲೆ ಅಂಟಿಕೊಂಡಿರುತ್ತದೆ ಅಷ್ಟೆ. ವೈಶಾಖದ ಬಿಸಿಲಿಗೆ ಮೆತ್ತಗಾಗಿ, ಶಾಂಪೂವಿಗೆ ಕರಗಿ, ಒಂದೆರಡು ತಿಂಗಳಲ್ಲಿ ಇಲ್ಲವಾಗುತ್ತದೆ. ತಪ್ಪು ಮಾಡಿದರೂ ಸುಲಭವಾಗಿ ಒರಸಿಬಿಡಬಹುದಾದ ಲೇಪ ಇದಾದುದರಿಂದ, ಹೊಸದಾಗಿ ಕೈಹಾಕುವವರು ಇಲ್ಲಿಂದ ಆರಂಭಿಸುವುದು ವಿವೇಕ.

ಸೀಲಂಟುಗಳು ಮತ್ತು ಟೆಫ್ಲಾನಿನ ಕಥೆ

ಸಿಲಿಕೋನ್ ಮತ್ತು ಅಕ್ರಿಲಿಕ್ ಮೂಲದ ಸೀಲಂಟುಗಳು ಮೇಣಕ್ಕಿಂತ ಹೆಚ್ಚು ಕಾಲ, ಸಾಮಾನ್ಯವಾಗಿ ನಾಲ್ಕಾರು ತಿಂಗಳು, ನಿಲ್ಲುತ್ತವೆ; ಹಚ್ಚುವುದೂ ಒರಸುವುದೂ ಸುಲಭ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಹೇಳಬೇಕಾದುದು ಇವುಗಳ ನೆರಳಿನಲ್ಲಿ ಬೆಳೆದ ‘ಟೆಫ್ಲಾನ್ ಕೋಟಿಂಗ್’ ಎಂಬ ಮಾತಿನ ವಿಷಯ. ಭಾರತದಲ್ಲಿ ಹೊಸ ಗಾಡಿ ಕೊಳ್ಳುವವನಿಗೆ ಷೋರೂಮಿನಲ್ಲೇ ಇದನ್ನು ಒಪ್ಪಿಸುವ ಪದ್ಧತಿ ದೀರ್ಘಕಾಲದಿಂದ ಇದೆ. ಟೆಫ್ಲಾನ್ ಎಂದರೆ 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ, ಯಾವುದಕ್ಕೂ ಅಂಟದಿರುವುದನ್ನೇ ತನ್ನ ಗುಣವಾಗುಳ್ಳ ಪಾಲಿಮರ್. ಅದರ ದ್ರವಣಬಿಂದು ಸುಮಾರು 327 ಡಿಗ್ರಿ ಸೆಲ್ಸಿಯಸ್. ದೋಸೆಯ ಕಾವಲಿಗೆ ಅದನ್ನು ಹಿಡಿಸಬೇಕಾದರೆ ಇದಕ್ಕೂ ಹೆಚ್ಚಿನ ಉಷ್ಣದಲ್ಲಿ ಬೇಯಿಸಬೇಕು. ಕಾರಿನ ಬಣ್ಣವನ್ನು ಆ ಉಷ್ಣಕ್ಕೆ ಒಡ್ಡಿದರೆ ಬಣ್ಣವೇ ಸುಟ್ಟುಹೋಗುತ್ತದೆ. ಆದುದರಿಂದ ಬಟ್ಟೆಯಿಂದ ಒರಸಿ ಹಚ್ಚುವ ದ್ರವದಲ್ಲಿ ಟೆಫ್ಲಾನಿನ ಪುಡಿ ತೇಲುತ್ತಿದ್ದರೂ ಅದು ಕಾವಲಿಯ ಮೇಲೆ ಮಾಡುವ ಕೆಲಸವನ್ನು ಇಲ್ಲಿ ಮಾಡಲಾರದು. ಕೆಲಸ ಮಾಡುವುದು ಅದರೊಡನಿರುವ ಸಾಧಾರಣ ಮೇಣ, ಸಿಲಿಕೋನುಗಳೇ. ಅಷ್ಟೇ ಗುಣದ ಸೀಲಂಟನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೊಂಡು ಒಂದು ಮಧ್ಯಾಹ್ನದಲ್ಲಿ ಸ್ವತಃ ಹಚ್ಚಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಸೆರಾಮಿಕ್ ಕೋಟಿಂಗು

ಹೆಸರನ್ನು ಕೇಳಿ ಕುಂಬಾರನ ಆವಿಗೆಯನ್ನೋ ಪಿಂಗಾಣಿಯನ್ನೋ ನೆನೆಯಬೇಕಾಗಿಲ್ಲ. ಸಿಲಜೇನ್, ಸಿಲಾಕ್ಸೇನ್ ವರ್ಗದ ಸಂಯುಕ್ತಗಳನ್ನು ದ್ರಾವಕದಲ್ಲಿ ಕರಗಿಸಿ ಪುಟ್ಟ ಸೀಸೆಗಳಲ್ಲಿ ಮಾರುತ್ತಾರೆ. ಹಚ್ಚಿದೊಡನೆ ದ್ರಾವಕವು ಆವಿಯಾಗಿ, ಉಳಿದ ದ್ರವ್ಯವು ಗಾಳಿಯ ತೇವಾಂಶದೊಡನೆ ವರ್ತಿಸಿ, ಸಿಲಿಕಾನ್ ಮತ್ತು ಆಮ್ಲಜನಕಗಳು ಬಲೆಯಂತೆ ಹೆಣೆದುಕೊಂಡ, ಗಾಜಿನ ಸ್ವಭಾವದ ಪೊರೆಯಾಗಿ ಗಟ್ಟಿಕಟ್ಟುತ್ತದೆ. ಪೊರೆಯ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್, ಹಲವೊಮ್ಮೆ ಅದಕ್ಕೂ ಕಡಮೆ. ಇಷ್ಟು ತೆಳುವಾದ ಪೊರೆಯ ಬಗ್ಗೆ ‘9ಎಚ್ ಕಾಠಿಣ್ಯ’ ಎಂದು ಸೀಸೆಯ ಮೇಲೆ ಬರೆದಿರುವುದನ್ನು ಕಂಡು ವಜ್ರಕ್ಕೆ ಹತ್ತು, ಇದಕ್ಕೆ ಒಂಬತ್ತು ಎಂದು ಭಾವಿಸುವವರು ಬಹುಮಂದಿ. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾನಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 9ಎಚ್ ಎಂಬುದು ಚಿತ್ರಕಾರರ ಸೀಸದ ಕಡ್ಡಿಗಳಲ್ಲಿ ಅತಿ ಗಟ್ಟಿಯಾದದ್ದರ ಗುರುತು. ಆ ಕಡ್ಡಿಯಿಂದ ಗೀಚಿದಾಗಲೂ ಪೊರೆ ಹರಿಯಲಿಲ್ಲವೆಂಬುದಷ್ಟೇ ಅದರ ತಾತ್ಪರ್ಯ. ರಸ್ತೆಯ ಮರಳಿನ ಕಣವು ಪೆನ್ಸಿಲ್ಲಿಗಿಂತ ಬಹಳ ಗಟ್ಟಿ. ಈಚೆಗೆ ಬಂದಿರುವ ಗ್ರಾಫೀನ್ ಕೋಟಿಂಗುಗಳೂ ಬಹುಮಟ್ಟಿಗೆ ಇದೇ ದ್ರವ್ಯಕ್ಕೆ ಅತ್ಯಲ್ಪ ಪ್ರಮಾಣದ ಇಂಗಾಲವನ್ನು ಬೆರೆಸಿದಂಥವು.

ಇದರ ನಿಜವಾದ ಗುಣ ಎರಡು: ಆಮ್ಲ, ಕ್ಷಾರ, ಶಾಂಪೂಗಳಿಗೆ ಜಗ್ಗದಿರುವುದು, ನೀರನ್ನು ನಿಲ್ಲಗೊಡದಿರುವುದು. ಮೇಲ್ಮೈಯ ಮೇಲೆ ನೀರಹನಿಯ ಅಂಚು ಮಾಡುವ ಕೋನ 90 ಡಿಗ್ರಿಯನ್ನು ಮೀರಿದರೆ ಆ ಮೇಲ್ಮೈಯನ್ನು ಜಲವಿಮುಖವೆನ್ನುತ್ತಾರೆ. ಒಳ್ಳೆಯ ಸೆರಾಮಿಕ್ ಲೇಪದಲ್ಲಿ ಇದು ನೂರರ ಆಸುಪಾಸಿನಲ್ಲಿ ಇರುತ್ತದೆ. ಜಾಹೀರಾತುಗಳು ಇಲ್ಲಿ ಕಮಲದ ಎಲೆಯನ್ನು ಎಳೆತರುವುದುಂಟು. ನೀರಿನಲ್ಲಿದ್ದೂ ನೀರನ್ನು ಅಂಟಿಸಿಕೊಳ್ಳದ ಪದ್ಮಪತ್ರದ ಉಪಮೆಯನ್ನು ಭಗವದ್ಗೀತೆಯಿಂದ ಬಲ್ಲ ನಮಗೆ, ಕೆಸುವಿನೆಲೆಯ ಮೇಲೆ ಮುತ್ತಿನಂತೆ ಉರುಳುವ ಹನಿಯನ್ನು ಪ್ರತಿ ಮಳೆಗಾಲದಲ್ಲೂ ನೋಡುವ ಮಲೆನಾಡಿನವರಿಗೆ, ಆ ಹೋಲಿಕೆ ಹೃದ್ಯವಾಗಿಯೇ ಇದೆ, ಆದರೆ ನಿಜವಲ್ಲ. ಜರ್ಮನಿಯ ಬಾನ್ ನಗರದ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ವಿವರಿಸಿದಂತೆ, ಕಮಲದೆಲೆಯ ಗುಟ್ಟು ಅದರ ನುಣುಪಿನಲ್ಲಲ್ಲ, ಒರಟುತನದಲ್ಲಿದೆ: ಕಣ್ಣಿಗೆ ಕಾಣದಷ್ಟು ಸಣ್ಣ ಗುಬ್ಬಿಗಳೂ ಅವುಗಳ ಮೇಲೆ ಇನ್ನೂ ಸೂಕ್ಷ್ಮವಾದ ಮೇಣದ ಹರಳುಗಳೂ ಸೇರಿ ಕೋನವನ್ನು 150 ಡಿಗ್ರಿಯ ಆಚೆಗೆ ಒಯ್ಯುತ್ತವೆ. ನುಣುಪಾದ ಮೇಲ್ಮೈಯಲ್ಲಿ ಯಾವ ರಸಾಯನದಿಂದಲೂ ಅದನ್ನು ಸುಮಾರು 120 ಡಿಗ್ರಿಗಿಂತ ಮುಂದಕ್ಕೆ ಒಯ್ಯಲಾಗದು. ಕಾರಿಗೆ ಬೇಕಾದುದೋ ನುಣುಪು ಮತ್ತು ಹೊಳಪು.

ಹಚ್ಚುವ ಕ್ರಮ

ಲೇಪನದ ಕಾರ್ಯದಲ್ಲಿ ಹಚ್ಚುವ ಭಾಗ ಅತ್ಯಲ್ಪ. ಹಚ್ಚುವುದಕ್ಕೆ ಮುನ್ನ ಮಾಡಬೇಕಾದ ಸಿದ್ಧತೆಯೇ ಮುಕ್ಕಾಲು ಪಾಲು. ಗೋಡೆಗೆ ಸುಣ್ಣ ಹೊಡೆಯುವವರು ಹಳೆಯ ಹೊಪ್ಪಳೆಯನ್ನು ಕೆರೆದು ತೆಗೆಯುವುದಕ್ಕೇ ಮೊದಲ ದಿನವನ್ನು ಮುಡಿಪಾಗಿಡುವುದನ್ನು ಇಲ್ಲಿ ನೆನೆಯಬಹುದು. ಮೊದಲು ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಮೈ ಆರಿದ ಮೇಲೆ, ಧೂಳೆಲ್ಲ ಇಳಿದುಹೋಗುವಂತೆ ಬರಿಯ ನೀರನ್ನು ಹಾಯಿಸಬೇಕು. ಅನಂತರ ಎರಡು ಬಕೆಟುಗಳು: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು. ಛಾವಣಿಯಿಂದ ಕೆಳಮುಖವಾಗಿ ಒಂದು ಭಾಗವನ್ನು ತೊಳೆದೊಡನೆ ತೊಳೆಯುವ ಕೈಗವಸನ್ನು ಬರಿಯ ನೀರಿನಲ್ಲಿ ಜಾಲಾಡಿ ಮತ್ತೆ ಶಾಂಪೂವಿಗೆ ಅದ್ದುವುದರಿಂದ ಧೂಳು ಗಾಡಿಗೆ ಮರಳುವುದಿಲ್ಲ.

ತೊಳೆದ ಗಾಡಿ ಶುದ್ಧವಾಯಿತೆಂದು ನಂಬಬಾರದು. ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಾನೆಟ್ಟಿನ ಮೇಲೆ ಬೆರಳಾಡಿಸಿದರೆ ಬರಿಗೈಗೆ ತಿಳಿಯದ ತರಿ ಸ್ಪಷ್ಟವಾಗಿ ತಿಳಿಯುತ್ತದೆ. ಬ್ರೇಕಿನಿಂದ ಸಿಡಿದ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕೆ, ಮರದ ಅಂಟು ಅಲ್ಲಿ ಹೂತುಕೊಂಡಿರುತ್ತವೆ. ಕಬ್ಬಿಣಕ್ಕೆ ಥಯೋಗ್ಲೈಕೊಲೇಟ್ ಬೆರೆತ ದ್ರಾವಣವನ್ನು ಸಿಂಪಡಿಸಿದರೆ ಅದು ಕಣವನ್ನು ಕರಗಿಸುತ್ತ ನೇರಳೆಬಣ್ಣಕ್ಕೆ ತಿರುಗುತ್ತದೆ. ಬಿಳಿಯ ಕಾರಿನ ಬದಿಯಲ್ಲಿ ನೇರಳೆಯ ಧಾರೆಗಳು ಇಳಿಯುವುದು ನೋಡುವುದಕ್ಕೆ ಸೊಗಸು, ಮೂಗಿಗೆ ಮಾತ್ರ ಕೊಳೆತ ಮೊಟ್ಟೆಯ ಅನುಭವ. ಉಳಿದುದನ್ನು ಕ್ಲೇ ಎಂಬ, ಕಣಕದ ಹಿಟ್ಟಿನಂಥ ಜೇಡಿಯಿಂದ, ಸಾಕಷ್ಟು ಜಾರುದ್ರವವನ್ನು ಹಾಕಿಕೊಂಡು, ಒತ್ತಡವಿಲ್ಲದೆ ಉಜ್ಜಿ ತೆಗೆಯಬೇಕು. ಉಂಡೆ ನೆಲಕ್ಕೆ ಬಿದ್ದರೆ ಅದನ್ನು ಎಸೆದುಬಿಡತಕ್ಕದ್ದು. ತೊಳೆದು ಮತ್ತೆ ಬಳಸುವ ಮಿತವ್ಯಯ ಇಲ್ಲಿ ಸಲ್ಲದು.

ಗೀರುಗಳಿದ್ದರೆ ಈ ಹಂತದಲ್ಲಿ ಪಾಲಿಶ್. ಸೆರಾಮಿಕ್ ಪೊರೆಯು ಗೀರನ್ನು ಮುಚ್ಚುವುದಿಲ್ಲ. ಗಾಜಿನ ಚೌಕಟ್ಟಿನಲ್ಲಿ ಇಟ್ಟ ಚಿತ್ರದಂತೆ ಅದನ್ನು ವರ್ಷಗಟ್ಟಲೆ ಕಾಪಾಡುತ್ತದೆ. ಒಂದೇ ಅಚ್ಚಿನ ಸುತ್ತ ತಿರುಗುವ ಯಂತ್ರವು ಪಳಗದ ಕೈಯಲ್ಲಿ ಬಣ್ಣವನ್ನು ಸುಡಬಲ್ಲುದು. ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆಕ್ಷನ್ ಯಂತ್ರವೇ ಮನೆಯ ಕೆಲಸಕ್ಕೆ ತಕ್ಕುದು. ಪಾಲಿಶಿನಲ್ಲಿರುವ ಎಣ್ಣೆಯು ಗೀರುಗಳನ್ನು ತಾತ್ಕಾಲಿಕವಾಗಿ ಮರೆಮಾಡುವುದರಿಂದಲೂ, ಎಣ್ಣೆಯ ಮೇಲೆ ಕೋಟಿಂಗು ಹಿಡಿಯದಿರುವುದರಿಂದಲೂ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿದ ಮೇಲೆಯೇ ನಿಜಸ್ಥಿತಿ ಕಾಣುವುದು.

ಇನ್ನು ಕೋಟಿಂಗು. 30ರಿಂದ 50 ಮಿಲಿಲೀಟರಿನ ಸೀಸೆ ಒಂದು ಕಾರಿಗೆ ಸಾಕಾಗುತ್ತದೆ. ಕೈಗವಸು ತೊಟ್ಟು, ಗಾಳಿಯಾಡುವ ನೆರಳಿನಲ್ಲಿ, ಸ್ಪಂಜಿಗೆ ಸುತ್ತಿದ ಮೃದುವಾದ ಬಟ್ಟೆಗೆ ಕೆಲವು ಹನಿಗಳನ್ನು ಹಾಕಿ, ಎರಡಡಿ ಚೌಕದಷ್ಟು ಜಾಗದಲ್ಲಿ ಮೊದಲು ಉದ್ದಕ್ಕೆ, ಬಳಿಕ ಅಡ್ಡಕ್ಕೆ ಎಳೆಯಬೇಕು. ಕೆಲವು ಕ್ಷಣಗಳಲ್ಲೋ ಮೂರು ನಾಲ್ಕು ನಿಮಿಷಗಳಲ್ಲೋ ಅಲ್ಲಿ ಸೋಪಿನ ಗುಳ್ಳೆಯ ಮೇಲಿನಂಥ ಕಾಮನಬಿಲ್ಲಿನ ಬಣ್ಣಗಳು ಮೂಡುತ್ತವೆ. ಅದೇ ಒರಸುವ ಮುಹೂರ್ತ. ಈ ಮುಹೂರ್ತವನ್ನು ಸೀಸೆಯ ಚೀಟಿಯಲ್ಲಿ ನಿಮಿಷದ ಲೆಕ್ಕದಿಂದ ಬರೆದಿದ್ದರೂ ಚೀಟಿಗಿಂತ ಕಣ್ಣನ್ನು ನಂಬುವುದು ಮೇಲು. ಮಂಗಳೂರಿನ ತೇವದ ಗಾಳಿಯಲ್ಲಿ ಪೊರೆ ಬೇಗ ಗಟ್ಟಿಯಾಗುತ್ತದೆ. ರಾಯಚೂರಿನ ಬಿಸಿಲಿನ ದಿನಗಳಲ್ಲಿ ದ್ರಾವಕವೇ ಬೇಗ ಆರಿಹೋಗುತ್ತದೆ. ಎರಡೂ ಕಡೆ ಬೆಳಗಿನ ಹೊತ್ತು, ಇನ್ನೂ ಸಣ್ಣ ಚೌಕ. ಒಂದು ಮೈಕ್ರೋಫೈಬರ್ ಬಟ್ಟೆಯಿಂದ ಒರಸಿ, ಎರಡನೆಯದರಿಂದ ನಯಗೊಳಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ಒರಸದೆ ಉಳಿದ ಮಚ್ಚೆಗಳು ಕೆಲವೇ ಗಂಟೆಗಳಲ್ಲಿ ಕಲ್ಲಾಗಿ, ಮತ್ತೆ ಪಾಲಿಶ್ ಮಾಡದೆ ಹೋಗವು. ಹಚ್ಚಿದ ಬಟ್ಟೆಗಳಲ್ಲಿ ಸಿಲಿಕಾ ಹರಳುಗಟ್ಟುವುದರಿಂದ ಅವನ್ನು ಒಗೆದು ಮತ್ತೆ ಬಳಸುವಂತಿಲ್ಲ. ಒಂದು ಹಗಲು ಒಂದು ರಾತ್ರಿ ಗಾಡಿಗೆ ನೀರು ತಾಗಬಾರದು, ಒಂದು ವಾರ ಶಾಂಪೂ ಕೂಡದು. ಆಷಾಢದಲ್ಲಿ ಶೆಡ್ಡಿಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಮನೆಮದ್ದುಗಳು

ಸೀಮೆಎಣ್ಣೆ ಡಾಂಬರನ್ನು ಕರಗಿಸುತ್ತದೆ, ನಿಜ, ಮೇಣವನ್ನೂ ಕರಗಿಸುತ್ತದೆ. ಹಲ್ಲುಜ್ಜುವ ಪೇಸ್ಟು ಸಣ್ಣ ಗೀರನ್ನು ಮಂಕುಗೊಳಿಸುವುದು ಅದರಲ್ಲಿರುವ ತರಿಯಿಂದ. ಅದು ರಕ್ಷಣೆಯಲ್ಲ, ಪಾಲಿಶಿನ ಒರಟು ರೂಪ. ಬಂಪರಿನ ಕಪ್ಪು ಪ್ಲಾಸ್ಟಿಕ್ಕಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಸಂಜೆಯೊಳಗೆ ಊರಿನ ಧೂಳೆಲ್ಲ ಅಲ್ಲಿ ನೆಲಸುತ್ತದೆ.

ಪಾಲನೆ ಮತ್ತು ಮಿತಿಗಳು

ಮನೆಯಲ್ಲಿ ಹಚ್ಚಿದ ಸೆರಾಮಿಕ್ ಲೇಪವು ಒಂದರಿಂದ ಎರಡು ವರ್ಷ ನಿಲ್ಲುವುದು ಸಾಮಾನ್ಯ. ಲೇಪ ಹಾಕಿದ ಮೇಲೆ ಗಾಡಿ ತೊಳೆಯಬೇಕಾಗಿಲ್ಲವೆಂಬ ನಂಬಿಕೆ ಸುಳ್ಳು. ತೊಳೆಯುವುದು ಸುಲಭವಾಗುತ್ತದೆ ಎಂಬುದಷ್ಟೇ ಸತ್ಯ. ನೀರು ಹನಿಗಟ್ಟುವ ಗುಣವೇ ಒಂದು ತೊಡಕನ್ನೂ ತರುತ್ತದೆ. ಇಳಿಜಾರಿನ ಬಾಗಿಲಿನ ಮೇಲೆ ಹನಿ ಜಾರಿಹೋಗುತ್ತದೆ, ಸಮತಲವಾದ ಛಾವಣಿಯ ಮೇಲೆ ನಿಂತಲ್ಲೇ ಒಣಗಿ, ಗಡುಸುನೀರಾಗಿದ್ದರೆ ಲವಣದ ಉಂಗುರವನ್ನು ಪೊರೆಯ ಮೇಲೆಯೇ ಕೂರಿಸುತ್ತದೆ. ಕೊಳವೆಬಾವಿಯ ನೀರಿನಲ್ಲಿ ತೊಳೆಯುವವರು ಹನಿಯ ಅಂದವನ್ನು ನೋಡುತ್ತ ನಿಲ್ಲದೆ ಒಡನೆಯೇ ಒರಸಿಬಿಡಬೇಕು. ಬೆಂಗಳೂರು ಜಲಮಂಡಳಿಯು 2024ರ ಮಾರ್ಚಿನಲ್ಲಿ, ನೀರಿನ ಬರದ ನಡುವೆ, ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿದಾಗ, ಒಂದು ಬಕೆಟಿಗೆ ಸ್ವಲ್ಪ ಜಾರುದ್ರವ ಬೆರೆಸಿ ಹಲವಾರು ಬಟ್ಟೆಗಳಿಂದ ಒರಸಿ ಮುಗಿಸುವ ವಿಧಾನವು ಹೆಚ್ಚು ಬೆಲೆಯುಳ್ಳದ್ದಾಯಿತು. ಲೇಪವಿರುವ ಗಾಡಿಯಲ್ಲಿ ಕೊಳೆ ಬಿಗಿಯಾಗಿ ಹಿಡಿಯದಿರುವುದರಿಂದ ಇದು ಅಲ್ಲಿ ಚೆನ್ನಾಗಿ ನಡೆಯುತ್ತದೆ.

ಹೆದ್ದಾರಿಯ ಲಾರಿಯ ಗಾಲಿಯಿಂದ ಸಿಡಿದ ಜಲ್ಲಿಗೆ ಒಂದೆರಡು ಮೈಕ್ರಾನಿನ ಯಾವ ಲೇಪವೂ ಅಡ್ಡನಿಲ್ಲಲಾರದು. ಅದಕ್ಕೆ ಬೇಕಾದುದು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರಿಥೇನ್ ಹಾಳೆ. ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಗಳನ್ನು ಮರಳಿನಿಂದ ಕಾಯಲು ಹುಟ್ಟಿದ ಹಾಳೆಯ ಸಂತತಿ ಅದು. ಬಾಗುಬಳುಕಿನ ಬಂಪರಿಗೆ ಅದನ್ನು ಸುಕ್ಕಿಲ್ಲದೆ ಅಂಟಿಸುವುದು ಹವ್ಯಾಸಿಯ ಕೈಗೆ ಸುಲಭವಾಗಿ ಒಗ್ಗುವ ವಿದ್ಯೆಯಲ್ಲ. ಟಿಂಕರಿಂಗ್ ಮುಗಿಸಿ ಹೊಸದಾಗಿ ಬಣ್ಣ ಹೊಡೆಸಿದ ಭಾಗಗಳಿಗೆ, ಬಣ್ಣದೊಳಗಿನ ದ್ರಾವಕವು ಹೊರಹೋಗುವುದಕ್ಕೆ ಕೆಲವು ವಾರಗಳ ಅವಕಾಶ ಕೊಡದೆ, ಯಾವ ಪೊರೆಯನ್ನೂ ಹಚ್ಚಬಾರದು. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಪಾಲಿಶ್ ತಾಗಿಸಿದರೆ ತಾಗಿದ ಕಡೆ ಮಾತ್ರ ಮಿರುಗಿ ಕಲೆಯಂತೆ ಕಾಣುತ್ತದಾದುದರಿಂದ ಅದಕ್ಕೆಂದೇ ತಯಾರಿಸಿದ ಲೇಪಗಳನ್ನಷ್ಟೇ ಬಳಸತಕ್ಕದ್ದು. ಸವೆದ ಸೆರಾಮಿಕ್ ಪೊರೆಯ ಅಳಿದುಳಿದ ಭಾಗವನ್ನು ಯಾವ ಶಾಂಪೂವೂ ತೆಗೆಯದು. ಅದರ ಮೇಲೆ ಹೊಸದನ್ನು ಹಚ್ಚುವ ಮುನ್ನ ಮತ್ತೆ ಪಾಲಿಶ್ ಯಂತ್ರವನ್ನೇ ಹಿಡಿದು, ಕ್ಲಿಯರ್ ಕೋಟಿನಿಂದ ಇನ್ನೊಂದಿಷ್ಟನ್ನು ಪೊರೆಯ ಜೊತೆಗೆ ಸವೆಸಲೇಬೇಕಾಗುತ್ತದೆ.